ಬಾಗಿಲ ಮೇಲಿನ ಇಸವಿ

ಹಳೇ ವೈನರಿಯೊಂದರ ಚರಿತ್ರೆ ಬರೆಯಲು ಹೊರಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ದೊಡ್ಡ ಬಾಗಿಲ ಮೇಲಿನ ಕಲ್ಲು. ಅದರಲ್ಲಿ ಕೆತ್ತಿದ್ದ ಇಸವಿಯನ್ನೇ ಕಟ್ಟಡ ಹುಟ್ಟಿದ ವರ್ಷ ಅಂತ ಬರೆದುಕೊಂಡೆ. ಎರಡು ತಿಂಗಳ ಕೆಲಸ ಅದನ್ನೇ ನಂಬಿ ನಡೆಯಿತು. ಒಂದು ದಿನ ಏಣಿ ಹತ್ತಿ ನೋಡಿದರೆ, ಕಲ್ಲಿನ ಎರಡೂ ತುದಿಯಲ್ಲಿ ದ್ರಾಕ್ಷಿ ಬಳ್ಳಿಯ ಕೆತ್ತನೆ ಅರ್ಧಕ್ಕೇ ತುಂಡಾಗಿದೆ! ಇನ್ನೂ ಅಗಲವಾದ ಬಾಗಿಲಿನ ಕಲ್ಲನ್ನು ತಂದು, ಕತ್ತರಿಸಿ ಕೂರಿಸಿದ್ದಾರೆ. ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ತುಂಬಾ ಬೇಜಾರಾಯಿತು.

ಆಮೇಲೆ ಗೋಡೆಗಳನ್ನೇ ಕೇಳಲು ಶುರು ಮಾಡಿದೆ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಸಣ್ಣ ಉಬ್ಬುತಗ್ಗೂ ಎದ್ದು ಕಾಣುತ್ತದೆ. ನೆಲದಿಂದ ಸೂರಿನವರೆಗೆ ಒಂದು ನೇರ ಸಂದು ಸಿಕ್ಕಿತು. ಅದರ ಎರಡು ಕಡೆಯ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿರಲಿಲ್ಲ. ಒಟ್ಟಿಗೆ ಕಟ್ಟಿದ ಗೋಡೆ ಹೀಗಿರುವುದಿಲ್ಲ. ಎಡಗಡೆ ಸುಣ್ಣದ ಗಾರೆ, ಉಗುರಲ್ಲಿ ಕೆರೆದರೆ ಪುಡಿ. ಬಲಗಡೆ ಬೂದುಬಣ್ಣದ ಸಿಮೆಂಟ್, ಪೋರ್ಟ್‌ಲ್ಯಾಂಡ್ ಅನ್ನುವ ಬಗೆ. ಬರೀ ಮೇಲಿನ ತೇಪೆ ಇರಬಹುದು ಅಂತ ಆಳಕ್ಕೂ ನೋಡಿದೆ, ಒಳಗೂ ಅದೇ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ದೊಡ್ಡ ಬಾಗಿಲು ಇರುವುದು ಈ ಬಲಭಾಗದಲ್ಲಿ. ಕಲ್ಲಿನ ಇಸವಿಯೋ ಆ ಪೇಟೆಂಟಿಗಿಂತ ಮೂವತ್ತು ವರ್ಷ ಹಿಂದಿನದು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಒಂದು ಕಿಟಕಿಯಿಲ್ಲದ ಸಣ್ಣ ಕೋಣೆ. ಸುಮ್ನೆ ಹಳೇ ಸಾಮಾನು ತುಂಬಿಟ್ಟಿದ್ದರು. ಗೋಡೆ ಮುಟ್ಟಿದರೆ ಸಕ್ಕರೆ ಅಂಟಿದ ಹಾಗೆ ತರಿತರಿ. ಮೊಳೆಯಿಂದ ಕೆರೆದಾಗ ನೇರಳೆ ಬಣ್ಣದ ಹರಳುಗಳು ಅಂಗೈಗೆ ಉದುರಿದವು. ಟಾರ್ಟಾರ್! ವೈನ್‌ನಲ್ಲಿರುವ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ, ತಂಪಿಗೆ ಹೀಗೆ ಹರಳುಗಟ್ಟುತ್ತದೆ. ಅಂದ್ರೆ ಅದು ಕೋಣೆಯಲ್ಲ, ಕೆಂಪು ವೈನ್ ತುಂಬಿಡುತ್ತಿದ್ದ ತೊಟ್ಟಿ. ಬಾಗಿಲು ಕೊರೆದದ್ದು ಆಮೇಲೆ.

ಕಟ್ಟಡ ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿದೆ. ಹಿಂದಿನಿಂದ ಗಾಡಿ ನೇರ ಮೇಲಿನ ಅಂತಸ್ತಿಗೇ ಬರುತ್ತಿತ್ತು. ಹಣ್ಣು ಅಲ್ಲಿ ಇಳಿಯುತ್ತಿತ್ತು, ರಸ ತಾನಾಗಿ ಕೆಳಗೆ ಹರಿಯುತ್ತಿತ್ತು, ಪಂಪೇ ಬೇಡ. ಎಷ್ಟು ಚೆಂದದ ಯೋಚನೆ ಅಲ್ವಾ? ಆ ಗಾಡಿ ಬಾಗಿಲನ್ನು ಈಗ ಕಲ್ಲಿಟ್ಟು ಮುಚ್ಚಿದ್ದಾರೆ, ಅಂಚು ಮಾತ್ರ ಕಾಣುತ್ತದೆ. ಅದು ಎಡಭಾಗದ ಹಿಂಗೋಡೆಯಲ್ಲಿದೆ. ತುಂಡಾದ ಬಳ್ಳಿಯ ಸುರುಳಿ ಅಳೆದು ಕಲ್ಲಿನ ಪೂರ್ತಿ ಉದ್ದ ಲೆಕ್ಕ ಹಾಕಿದೆ. ಆ ಬಾಗಿಲಿಗೆ ಸರಿಯಾಗಿ ಹೊಂದಿತು.