ಮಗುವಿಗೆ 21 ತುಂಬುವ ಮುಂಚೆ: ಗ್ರೀನ್ ಕಾರ್ಡ್ ಸಾಲಿನಲ್ಲಿರುವ ಅಪ್ಪ ಅಮ್ಮಂದಿರಿಗೆ

ನಾಲ್ಕು ವರ್ಷದ ಮಗಳ ಕೈ ಹಿಡಿದು ಎಚ್-1ಬಿ ಕೆಲಸದ ವೀಸಾ ಮೇಲೆ ಅಮೆರಿಕಕ್ಕೆ ಬಂದವರು ನಾವು. ಅವಳು ಓದಲು ಕಲಿತದ್ದು, ಸೈಕಲ್ ಕಲಿತದ್ದು ಎಲ್ಲಾ ಇಲ್ಲೇ. ಆದರೆ ಕಾನೂನಿನ ಲೆಕ್ಕದಲ್ಲಿ ಅವಳು ನಮ್ಮ ಮಗು ಆಗಿರುವುದು 21ನೇ ಹುಟ್ಟುಹಬ್ಬದವರೆಗೆ ಮಾತ್ರ. ಆಮೇಲೆ ನಮ್ಮ ಮೇಲೆ ಅವಲಂಬಿತರಿಗೆ ಕೊಡುವ ಎಚ್-4 ವೀಸಾ ಇಲ್ಲ, ನಮ್ಮ ಜೊತೆ ಕಾಯಂ ವಾಸದ ಗ್ರೀನ್ ಕಾರ್ಡ್ ಸಿಗುವ ಹಕ್ಕೂ ಇಲ್ಲ. ಇದಕ್ಕೇ ಏಜ್ ಔಟ್ ಅನ್ನುವುದು. ಮಗುವಿಗೆ 12 ಆದಾಗಲೇ ಪೆನ್ನು ಕಾಗದ ಹಿಡಿದು ಕೂತುಕೊಳ್ಳಿ. ನಾವು 19ಕ್ಕೆ ಕೂತೆವು, ತುಂಬಾ ತಡವಾಗಿತ್ತು.

ಸಾಲು ಇಷ್ಟು ಉದ್ದ ಯಾಕೆ ಅಂದರೆ, ಕೆಲಸದ ಮೇಲೆ ವರ್ಷಕ್ಕೆ ಕೊಡುವುದೇ ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲಿ ಗಂಡ ಹೆಂಡತಿ ಮಕ್ಕಳೂ ಸೇರಿ, ಮತ್ತೆ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ.

ಈಗ ಲೆಕ್ಕಕ್ಕೆ ಬನ್ನಿ. 2002ರ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆಕ್ಟ್ ಸ್ವಲ್ಪ ರಕ್ಷಣೆ ಕೊಡುತ್ತದೆ. ನಿಮ್ಮ ಪ್ರಯಾರಿಟಿ ಡೇಟ್‌ಗೆ (ಸಾಲಿನಲ್ಲಿ ನಿಮ್ಮ ಜಾಗ ಗುರುತಿಸುವ ದಿನಾಂಕ) ವೀಸಾ ಸಿಗುವ ದಿನ, ಅಂದರೆ ಗ್ರೀನ್ ಕಾರ್ಡಿಗೆ ನಿಮ್ಮ ಸರದಿ ಬರುವ ದಿನ, ಮಗುವಿನ ವಯಸ್ಸು ಎಷ್ಟು ಅಂತ ಬರೆಯಿರಿ. ಅದರಿಂದ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಹಾಕಿದ ದಿನದಿಂದ ಅಪ್ರೂವ್ ಆದ ದಿನದವರೆಗಿನ ದಿನಗಳನ್ನು ಕಳೆಯಿರಿ. ಮಗಳಿಗೆ 21 ವರ್ಷ 100 ದಿನ ಆಗಿದ್ದು, ಐ-140 ಬಾಕಿ ಇದ್ದದ್ದು 160 ದಿನ ಅಂದರೆ ಅವಳು 21ರ ಒಳಗೇ, ಬಚಾವ್. ಅದೇ ಅರ್ಜಿ ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ 12 ದಿನಕ್ಕೆ ಅಪ್ರೂವ್ ಆಗಿದ್ದರೆ? ಹೊರಗೆ. ಬೇಗ ಆಗಲಿ ಅಂತ ದುಡ್ಡು ಕಟ್ಟಿ ಮಗುವಿನ ದಿನಗಳನ್ನು ನಾವೇ ಕಳೆದುಕೊಳ್ಳುತ್ತೇವೆ, ಇದನ್ನು ನಮಗೆ ಯಾರೂ ಹೇಳಲಿಲ್ಲ. ಎಚ್-1ಬಿಯ ಆರು ವರ್ಷ ಮುಗಿಯುತ್ತಾ ಬಂದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಪ್ರೀಮಿಯಂ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಐ-140ಕ್ಕೂ ಮುಂಚಿನ ಪರ್ಮ್‌ಗೆ (ಕಾರ್ಮಿಕ ಇಲಾಖೆಯ ಪ್ರಮಾಣಪತ್ರ) ಹಿಡಿದ ಸಮಯವನ್ನು ಕಳೆಯುವ ಹಾಗಿಲ್ಲ, ಅದೂ ನೆನಪಿರಲಿ.

ಸಾಲು ಎಲ್ಲಿಗೆ ಬಂತು ಅಂತ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತವೆ, ಅರ್ಜಿ ಯಾವಾಗ ಹಾಕಬಹುದು ಎಂಬುದು ಒಂದು, ಗ್ರೀನ್ ಕಾರ್ಡ್ ಯಾವಾಗ ಕೊಡಬಹುದು ಎಂಬ ಫೈನಲ್ ಆ್ಯಕ್ಷನ್ ಪಟ್ಟಿ ಇನ್ನೊಂದು. 2025ರ ಆಗಸ್ಟ್ 15ರಿಂದ ಹಾಕುವ ಅರ್ಜಿಗಳಿಗೆ ವಯಸ್ಸಿನ ಲೆಕ್ಕಕ್ಕೆ ಫೈನಲ್ ಆ್ಯಕ್ಷನ್ ಪಟ್ಟಿಯನ್ನೇ ನೋಡುತ್ತಾರೆ. ಅದಕ್ಕಿಂತ ಹಳೆಯ ಸಲಹೆಯನ್ನು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ಇನ್ನೊಂದು ಷರತ್ತು, ವೀಸಾ ಸಿಗುವಂತಾದ ಒಂದು ವರ್ಷದೊಳಗೆ ಮಗುವಿನ ಅರ್ಜಿ ಹಾಕಿರಬೇಕು, ಮಗುವಿಗೆ ಮದುವೆ ಆಗಿರಬಾರದು.

ಅದಕ್ಕೇ ಕಾಗದ ಪತ್ರ ಈಗಲೇ ಸರಿ ಮಾಡಿಕೊಳ್ಳಿ. ನಮ್ಮವರದ್ದು ಇನಿಷಿಯಲ್ ಗೋಳು ಗೊತ್ತಲ್ವಾ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಇನ್ನೊಂದು, ಮಗುವಿನ ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲ. ಊರಿಗೆ ಹೋದಾಗ ಮದುವೆ ಮುಂಜಿ ಜೊತೆಗೆ ಇದಕ್ಕೂ ಎರಡು ದಿನ ಇಡಿ. ನಿಮ್ಮ ಜನನವೇ ದಾಖಲಾಗಿಲ್ಲದಿದ್ದರೆ, ದಾಖಲೆ ಲಭ್ಯವಿಲ್ಲ ಎಂಬ ಪತ್ರ ತೆಗೆದುಕೊಂಡು ಬನ್ನಿ.

ಮಂಗಳೂರು, ಉಡುಪಿ ಕಡೆಯವರು ಇದನ್ನು ಗಮನವಿಟ್ಟು ಓದಿ. ಸಾಲು ಸೇರುವುದು ಹುಟ್ಟಿದ ದೇಶದ ಮೇಲೆ, ಪಾಸ್‌ಪೋರ್ಟ್ ಮೇಲೆ ಅಲ್ಲ. ನಿಮ್ಮ ಹೆಂಡತಿಯೋ ಗಂಡನೋ ಕುವೈತ್‌ನಲ್ಲೋ ದುಬೈಯಲ್ಲೋ ಹುಟ್ಟಿದ್ದರೆ ಇಡೀ ಕುಟುಂಬ ಆ ದೇಶದ ಲೆಕ್ಕಕ್ಕೆ ಸೇರಬಹುದು. ಎಷ್ಟೋ ವರ್ಷಗಳ ಕಾಯುವಿಕೆ ತಪ್ಪುತ್ತದೆ! ಆದರೆ ಮಗು ಅಲ್ಲಿ ಹುಟ್ಟಿದ್ದರೆ ಅದರಿಂದ ಅಪ್ಪ ಅಮ್ಮನಿಗೆ ಪ್ರಯೋಜನ ಇಲ್ಲ.

ವಯಸ್ಸಿನ ಲೆಕ್ಕ ಕೂಡಿಬರದಿದ್ದರೆ ಮಗುವಿಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ. 21 ತುಂಬುವುದಕ್ಕೆ ತಿಂಗಳುಗಳ ಮುಂಚೆಯೇ ಅದಕ್ಕೆ ಬದಲಾಯಿಸಿಕೊಳ್ಳುವ ಐ-539 ಅರ್ಜಿ ಹಾಕಿ. ಕಾಲೇಜು ಫೀಸು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಆ ರಾಜ್ಯದವರ ಫೀಸೇ ಸಿಗುತ್ತದೋ ಇಲ್ಲವೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಂಪನಿಯ ವಕೀಲರು ಕಂಪನಿಯ ಕೆಲಸ ನೋಡುತ್ತಾರೆ, ಮಗುವಿಗೆ ಅಂತಲೇ ಬೇರೆ ವಕೀಲರನ್ನು ಒಂದು ಗಂಟೆಯಾದರೂ ಕೇಳಿ.

ಆದರೆ ಇವೆಲ್ಲಾ ತೇಪೆ ಕೆಲಸ. ಕಾನೂನೇ ಬದಲಾಗಬೇಕು. ಒಂದೊಂದು ದೇಶದ ಆ ಮಿತಿ ತೆಗೆಯುವ ಮಸೂದೆ 2019ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ 365-65 ಮತಗಳಿಂದ ಗೆದ್ದಿತ್ತು, 2020ರಲ್ಲಿ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು, ಎರಡೂ ಒಂದಾಗಲಿಲ್ಲ, ಬಿದ್ದುಹೋಯಿತು. ಇಂಥ ಮಕ್ಕಳಿಗಾಗಿಯೇ 2021ರಲ್ಲಿ, ಮತ್ತೆ 2023ರಲ್ಲಿ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ತಂದರು, ಅದೂ ಪಾಸಾಗಲಿಲ್ಲ. ಚಿಕ್ಕಂದಿನಲ್ಲೇ ಬಂದು ದಾಖಲೆ ಇಲ್ಲದೆ ಉಳಿದವರಿಗೆ ರಕ್ಷಣೆ ಕೊಡುವ ಡಾಕಾ ಇವರಿಗೆ ಇಲ್ಲ, ಯಾಕೆಂದರೆ ಇವರು ಸಕ್ರಮವಾಗಿ ಬಂದು ಸಕ್ರಮವಾಗಿಯೇ ಇದ್ದವರು. ನನಗೆ ಈಗಲೂ ನುಂಗಲಾಗದ ಮಾತು ಇದು.

ಮತ ಇಲ್ಲದಿದ್ದರೂ ನೀವು ಆ ಕ್ಷೇತ್ರದವರೇ. ನಿಮಗೆ ಒಬ್ಬರು ಪ್ರತಿನಿಧಿ, ಇಬ್ಬರು ಸೆನೆಟರ್ ಇದ್ದಾರೆ. ಕ್ಯಾಪಿಟಲ್ ಸ್ವಿಚ್‌ಬೋರ್ಡ್ ನಂಬರ್ 202-224-3121, ಊರಿನ ಹೆಸರು ಹೇಳಿದರೆ ಸಂಪರ್ಕ ಕೊಡುತ್ತಾರೆ. ಎರಡು ನಿಮಿಷ ಸಾಕು: ಎಲ್ಲಿದ್ದೀರಿ, ಮಗುವಿಗೆ ಎಷ್ಟು ವರ್ಷ, ಯಾವ ದಿನ 21 ಆಗುತ್ತದೆ, ಯಾವ ಮಸೂದೆಗೆ ಬೆಂಬಲ ಬೇಕು. ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಕೇಸ್‌ವರ್ಕ್ ವಿಭಾಗ ಕೇಳಿ, ನಿಮ್ಮ ಮಾಹಿತಿ ನೋಡಲು ಅನುಮತಿ ಕೊಡುವ ಪ್ರೈವಸಿ ರಿಲೀಸ್ ಫಾರ್ಮ್ ಸಹಿ ಮಾಡಿ ಕಳಿಸಿ, ಅವರು ಇಲಾಖೆಯನ್ನು ವಿಚಾರಿಸುತ್ತಾರೆ. ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಸದಸ್ಯರು ಕ್ಷೇತ್ರಕ್ಕೆ ಬರುತ್ತಾರೆ, ಆಗ ಕಚೇರಿಗೆ ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ, ಮಾತು ಅವರೇ ಆಡಲಿ.