ಅಫಿಡವಿಟ್, ಪಹಣಿ ಮತ್ತು ಬಾಮೈದನ ಹೆಸರು

ನಾನು ಪತ್ರ ಬರಹಗಾರ. ಇಪ್ಪತ್ತೆರಡು ವರ್ಷದಿಂದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುತ್ತಿದ್ದೇನೆ. ಹಾಗಾಗಿ 2023ರ ಚುನಾವಣೆ ಮುಗಿದ ಮೇಲೊಂದು ದಿನ ನಮ್ಮ ಶಾಸಕರು ನಾಮಪತ್ರದ ಜೊತೆ ಆಸ್ತಿ ವಿವರ ಕೊಟ್ಟಿದ್ದ ಅಫಿಡವಿಟ್ ಓದಲು ಕೂತಾಗ ಕಣ್ಣು ಮೊದಲು ಹೋಗಿದ್ದು ಸರ್ವೆ ನಂಬರುಗಳ ಮೇಲೆ.

ಈ ಕಾಗದಕ್ಕೆ ನಮೂನೆ 26 ಅನ್ನುತ್ತಾರೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2018ರದ್ದನ್ನೂ ಇಳಿಸಿ ಪಕ್ಕದಲ್ಲಿಟ್ಟು ನೋಡಿದೆ. ಒಟ್ಟು ಆಸ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಸಿಕ್ಕಿಬಿಟ್ಟರು ಅಂದುಕೊಂಡೆ. ಅದು ತಪ್ಪು ಲೆಕ್ಕ. ಏರಿದ್ದರಲ್ಲಿ ಹೆಚ್ಚಿನ ಪಾಲು ಅಪ್ಪನಿಂದ ಬಂದ ಜಮೀನಿನ ಮಾರುಕಟ್ಟೆ ಬೆಲೆ. ರೇಟು ಏರಿದರೆ ಅದು ಲಂಚ ಅಲ್ವಲ್ಲ. ನೋಡಬೇಕಾದ್ದು ಐದು ವರ್ಷದಲ್ಲಿ ಹೊಸದಾಗಿ ಕೊಂಡಿದ್ದೇನು, ಕೊಂಡ ಬೆಲೆ ಎಷ್ಟು, ಅಲ್ಲೇ ಬರೆದಿರುವ ಐದು ವರ್ಷದ ಆದಾಯಕ್ಕೆ ಅದು ಹೊಂದುತ್ತದೆಯೇ ಅನ್ನುವುದು.

ಹಾಗೆ ನೋಡಿದರೆ ಎಲ್ಲವೂ ಹೊಂದುತ್ತಿತ್ತು.

ಆಮೇಲೆ ನನ್ನ ಕಸುಬು ನೆರವಿಗೆ ಬಂತು. ಹೊಸ ರಸ್ತೆ ಹಾದುಹೋದ ಜಾಗದ ಪಹಣಿಗಳನ್ನು ಒಂದೊಂದಾಗಿ ತೆಗೆದೆ. ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ದಾಖಲೆ ನೋಡಿದೆ. ಆಸ್ತಿಯ ಮೇಲೆ ಆದ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ (ಇಸಿ) ಹಾಕಿಸಿದೆ. ಮೂರು ಎಕರೆ ಶಾಸಕರ ಬಾಮೈದನ ಹೆಸರಿಗೆ ಆಗಿತ್ತು. ಕ್ರಯ ಆಗಿ ಏಳು ತಿಂಗಳಿಗೆ ಆ ರಸ್ತೆಗೆ ಶಾಸಕರ ಶಿಫಾರಸು ಪತ್ರ ಹೋಗಿದೆ. ಪತ್ರದ ನಕಲು ಆರ್‌ಟಿಐನಲ್ಲಿ ಸಿಕ್ಕಿತು. ಹತ್ತು ರೂಪಾಯಿ ಶುಲ್ಕ, ನೂರೈವತ್ತು ಪದದೊಳಗೆ ಒಂದೇ ವಿಷಯ ಕೇಳಬೇಕು.

ನಮೂನೆ 26ರಲ್ಲಿ ಹೆಂಡತಿ ಅಥವಾ ಗಂಡ, ಅವಿಭಕ್ತ ಕುಟುಂಬ, ಅವಲಂಬಿತರು ಇಷ್ಟೇ ಬರುತ್ತಾರೆ. ದುಡಿಯುವ ಮಗ, ಬಾಮೈದ, ಅಳಿಯ ಬರುವುದಿಲ್ಲ. ಅಂದರೆ ಅಫಿಡವಿಟ್‌ನಲ್ಲಿ ಸುಳ್ಳೇ ಇಲ್ಲ. ಬಾಮೈದನಿಗೆ ಹಣ ಎಲ್ಲಿಂದ ಬಂತು ಅಂತ ಅವನ ಐಟಿ ರಿಟರ್ನ್ಸ್ ಕೇಳಿದೆ. ವೈಯಕ್ತಿಕ ಮಾಹಿತಿ, ಕೊಡಲಾಗದು ಅಂದರು. ಬ್ಯಾಂಕ್ ಖಾತೆ ತೆಗೆಸಿ ನೋಡುವ ಅಧಿಕಾರ ಇರುವುದು ತನಿಖಾಧಿಕಾರಿಗೆ, ನನಗಲ್ಲ.

ದಾಖಲೆ ಎಲ್ಲ ಸೇರಿಸಿ ತನಿಖಾ ಸಂಸ್ಥೆಗೆ ದೂರು ಕೊಟ್ಟೆ. ಅಲ್ಲಿ ಅಡ್ಡ ಬಂದಿದ್ದು ಕಲಂ 17ಎ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿಸಿದ್ದು. ಲಂಚ ತೆಗೆದುಕೊಳ್ಳುವಾಗಲೇ ಸ್ಥಳದಲ್ಲಿ ಹಿಡಿದರೆ ಯಾರ ಅನುಮತಿಯೂ ಬೇಡ. ಆದರೆ ಹುದ್ದೆಯಲ್ಲಿದ್ದು ಮಾಡಿದ ಶಿಫಾರಸು, ತೀರ್ಮಾನದ ಬಗ್ಗೆ ಪೊಲೀಸರು ವಿಚಾರಣೆ ಶುರು ಮಾಡಲಿಕ್ಕೇ ಮೊದಲು ಅನುಮತಿ ಬೇಕು. ಮೂರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು, ಕಾರಣ ಬರೆದು ಇನ್ನೊಂದು ತಿಂಗಳು ಮುಂದೂಡಬಹುದು ಅಂತ ಕಲಮಿನಲ್ಲೇ ಇದೆ. ನನ್ನ ದೂರಿಗೆ ಹದಿನಾಲ್ಕು ತಿಂಗಳಾಯಿತು. ಪ್ರಾಮಾಣಿಕ ಅಧಿಕಾರಿಗೆ ಸುಮ್ನೆ ಕಿರುಕುಳ ಆಗಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ಕಳೆದುಹೋಗುತ್ತಿರುವುದು ಸಾಕ್ಷ್ಯ. ಇದು ನನಗೆ ನಿಜವಾಗಿ ಸಂಕಟ ಕೊಡುತ್ತದೆ.

ಆ ಮೂರು ಎಕರೆ ಈಗ ಲೇಔಟ್ ಆಗಿದೆ. ಕಳೆದ ತಿಂಗಳು ಒಬ್ಬರು ಮೇಷ್ಟ್ರು ಅಲ್ಲಿನ ಸೈಟಿಗೆ ಕ್ರಯಪತ್ರ ಬರೆಸಲು ನನ್ನ ಹತ್ತಿರವೇ ಬಂದರು. ಇಸಿಯಲ್ಲಿ ಏನೂ ತಕರಾರಿಲ್ಲ. ಆದರೂ ದೂರಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಿಎಫ್ ಹಣ ತೆಗೆದು ಆಗಲೇ ಮುಂಗಡ ಕೊಟ್ಟುಬಿಟ್ಟಿದ್ದರು.