ರ್ಯಾಕ್ ಬದಲಿಸುವ ಮುಂಚೆ ಸ್ಪ್ರಿಂಗ್ ಮೇಲೆ ಕೈ ಇಟ್ಟು ನೋಡಿ

ನನ್ನ ಹತ್ತಿರ 2002ರ ಫಿಯಟ್ ಪಾಲಿಯೊ 1.6 ಇದೆ. ನೋಡೋಕೆ ಸಾಮಾನ್ಯ ಹ್ಯಾಚ್‌ಬ್ಯಾಕ್. ಬಾನೆಟ್ ಒಳಗಿರೋದು ಮಾತ್ರ 1596 ಸಿಸಿ, 100 ಕುದುರೆ ಶಕ್ತಿಯ ಎಂಜಿನ್. ಅದರ ಸ್ಟೇರಿಂಗ್ ಹಿಡಿದರೆ ರಸ್ತೆಯೇ ಕೈಗೆ ಸಿಕ್ಕಂತೆ ಇರುತ್ತಿತ್ತು. ಆ ಸುಖಕ್ಕೇ ನಾನು ಇಷ್ಟು ವರ್ಷ ಈ ಗಾಡಿ ಮಾರಿಲ್ಲ.

ಹೋದ ಬೇಸಿಗೆಯಲ್ಲಿ ಆ ಸುಖ ಹೋಯಿತು. ದಾವಣಗೆರೆಯ ಹದಡಿ ರೋಡಿನಲ್ಲಿ ಸಣ್ಣ ಗುಂಡಿ ಸಿಕ್ಕರೂ ಕೈಗೆ ‘ಕಟ ಕಟ’ ಬಡಿಯುತ್ತಿತ್ತು. ಮನೆ ಮುಂದೆ ಪಾರ್ಕ್ ಮಾಡುವಾಗ ಎಡಗಡೆಯಿಂದ ‘ಟಿಣ್’ ಅಂತ ಸದ್ದು. ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೋಗುವಾಗ ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಸರಿಮಾಡುತ್ತಲೇ ಇರಬೇಕಿತ್ತು. ತಿರುವು ಮುಗಿದ ಮೇಲೆ ಅದು ತಾನಾಗಿ ವಾಪಸ್ ಬರುತ್ತಿರಲಿಲ್ಲ, ನಾನೇ ಎಳೆದು ನೆಟ್ಟಗೆ ಮಾಡಬೇಕಿತ್ತು.

ಒಂದು ಗ್ಯಾರೇಜಿನಲ್ಲಿ ಒಂದು ರೌಂಡ್ ಓಡಿಸಿ ನೋಡಿದವರು, “ರ್ಯಾಕ್ ಹೋಗೇತ್ರಿ ಸಾರ್, ಬದಲಿಸಿಬಿಡ್ರಿ” ಅಂದರು. ರ್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ಸರಿದು ಚಕ್ರಗಳನ್ನು ತಿರುಗಿಸುವ ಭಾಗ. ಅವರು ಗಾಡಿ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. ಈ ಗಾಡಿ ಈಗ ತಯಾರಾಗೋದಿಲ್ಲ. ಹೊಸ ರ್ಯಾಕ್ ಸಿಗೋದು ಕಷ್ಟ, ಹಳೇದು ಸಿಕ್ಕರೆ ಅದರ ಸ್ಥಿತಿ ಹೇಗೋ ಏನೋ. ಹಾಗಾಗಿ ನಾನೇ ಹುಡುಕೋಣ ಅಂತ ಒಂದು ಭಾನುವಾರ ಕೂತೆ.

ಮೊದಲು ಟೈರ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ. 2315 ಅಂತಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು ಅಂತ. ನನ್ನವು ಅಷ್ಟೇನೂ ಹಳೆಯವಲ್ಲ, ಗಾಳಿ ಮಾತ್ರ ಎಡ ಬಲ ಬೇರೆ ಬೇರೆ ಇತ್ತು. ಸರಿಮಾಡಿದೆ. ಸ್ವಲ್ಪ ವ್ಯತ್ಯಾಸ ಕಂಡಿತು, ರೋಗ ಹೋಗಲಿಲ್ಲ.

ಆಮೇಲೆ ಅಕ್ಕನ ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎಂಜಿನ್ ಚಾಲೂ, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟೇರಿಂಗನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸೋದು ಅವನ ಕೆಲಸ. ನಾನು ಎಡಗಡೆ ಚಕ್ರದ ಹಿಂದಿನಿಂದ ಕೈ ಹಾಕಿ ಸ್ಪ್ರಿಂಗಿನ ಹೊರಮೈಗೆ ಅಂಗೈ ಒತ್ತಿ ಹಿಡಿದೆ. ಸುರುಳಿಗಳ ನಡುವೆ ಬೆರಳು ತೂರಿಸಬಾರದು, ಇದು ಮರೆಯಬೇಡಿ. ಸ್ಟೇರಿಂಗ್ ತಿರುಗಿದಂತೆ ಸ್ಪ್ರಿಂಗ್ ಸಲೀಸಾಗಿ ಜೊತೆಗೆ ತಿರುಗಬೇಕು. ನನ್ನ ಕೈಯಡಿ ಅದು ಹುರಿಹಗ್ಗದ ಹಾಗೆ ಬಿಗಿಯಾಗುತ್ತಾ ಹೋಗಿ, ತಟಕ್ಕನೆ ಜಾರಿತು. ಅದೇ ‘ಟಿಣ್’! ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರೋ ಕಂಬ) ಮೇಲಿನ ಬೇರಿಂಗ್ ಜಾಮ್ ಆಗಿತ್ತು. ಸ್ಟೇರಿಂಗ್ ವಾಪಸ್ ಬರದಿರೋಕೂ ಇದೇ ಒಂದು ಕಾರಣ. ಚಕ್ರ ನೆಟ್ಟಗಾಗೋಕೆ ಹೋದರೆ ಹಿಡಿದ ಬೇರಿಂಗ್ ಬಿಡಲ್ಲ ಅಲ್ವಾ.

‘ಕಟ ಕಟ’ ಹುಡುಕೋಕೆ ಎಂಜಿನ್ ಆಫ್ ಮಾಡಿದೆ. ಚಕ್ರ ನೆಲದ ಮೇಲೇ ಇರಲಿ. ಹುಡುಗ ಸ್ಟೇರಿಂಗನ್ನು ಎರಡೇ ಬೆರಳಗಲ ಬೇಗ ಬೇಗ ಅಲ್ಲಾಡಿಸಿದ. ನಾನು ಒಂದೊಂದೇ ಜಾಯಿಂಟ್ ಹಿಡಿದೆ. ಬಲಗಡೆ ಟೈ ರಾಡ್ ಎಂಡಿನಲ್ಲಿ, ಅಂದರೆ ರ್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಜಾಯಿಂಟಿನಲ್ಲಿ, ಬೆರಳಿಗೆ ಸಣ್ಣಗೆ ಬಡಿಯಿತು. ಸದ್ದು ಕಿವಿಗೆ ಮೋಸ ಮಾಡುತ್ತೆ, ಕಬ್ಬಿಣದ ಮೂಲಕ ಹರಿದು ಇನ್ನೆಲ್ಲೋ ಕೇಳಿಸುತ್ತೆ. ಬೆರಳು ಅಷ್ಟು ಸುಲಭಕ್ಕೆ ಮೋಸಹೋಗಲ್ಲ. ರ್ಯಾಕಿನ ತುದಿಯ ರಬ್ಬರ್ ಬೂಟನ್ನು (ಕವರನ್ನು) ಹಿಂಡಿ ಒಳಗಿನ ಜಾಯಿಂಟನ್ನೂ ನೋಡಿದೆ. ಎರಡೂ ಕಡೆ ಗಟ್ಟಿಯಾಗಿತ್ತು, ಆಯಿಲ್ ಕೂಡ ಸೋರಿರಲಿಲ್ಲ.

ಆದರೂ ಒಂದು ವಿಷಯ ಕೊರೆಯುತ್ತಿತ್ತು. ಸ್ಟೇರಿಂಗ್ ಒಂದೇ ಸಮ ಭಾರ ಇರಲಿಲ್ಲ. ಒಂದು ಕಡೆ ಬಿಗಿ, ಸ್ವಲ್ಪ ಮುಂದೆ ಸಡಿಲ, ಮತ್ತೆ ಬಿಗಿ. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ), ಎಂಜಿನ್ ಆಫ್ ಇಟ್ಟು ಪೂರ್ತಿ ತಿರುಗಿಸಿದೆ. ಪ್ರತಿ ಅರ್ಧ ಸುತ್ತಿಗೆ ಒಮ್ಮೆ ಬಿಗಿ ಬರುತ್ತಿತ್ತು. ರ್ಯಾಕ್ ಕೆಟ್ಟರೆ ಹೀಗೆ ಲೆಕ್ಕ ಹಾಕಿದಂತೆ ಬರಲ್ಲ. ಇದು ಸ್ಟೇರಿಂಗಿನಿಂದ ರ್ಯಾಕಿಗೆ ಹೋಗುವ ಶಾಫ್ಟಿನ ಕ್ರಾಸ್ ಜಾಯಿಂಟಿನ (ಶಾಫ್ಟ್ ಬಾಗಿ ತಿರುಗೋಕೆ ಬಿಡುವ ಕೀಲು) ಗುಣ. ಪೆಡಲ್ ಹತ್ತಿರ ಟಾರ್ಚ್ ಬಿಟ್ಟರೆ ಕ್ರಾಸಿನ ಒಂದು ಬದಿಯಲ್ಲಿ ಕೆಂಪು ತುಕ್ಕಿನ ಪುಡಿ. ಶಾಫ್ಟ್ ಬಿಚ್ಚಿ ಕೈಯಲ್ಲಿ ಹಿಡಿದಾಗ ಅನುಮಾನವೇ ಉಳಿಯಲಿಲ್ಲ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತಿತ್ತು, ಇನ್ನೊಂದು ದಿಕ್ಕಿಗೆ ಎರಡೂ ಕೈಯ ಬಲ ಬೇಕಿತ್ತು. ಬಿಚ್ಚುವ ಮೊದಲು ಸ್ಟೇರಿಂಗ್ ನೇರ ಇಟ್ಟು, ಕದಲದಂತೆ ಕಟ್ಟಿ, ಶಾಫ್ಟ್ ಕೂರುವ ಜಾಗಕ್ಕೆ ಪೇಂಟ್ ಗುರುತು ಹಾಕಿಕೊಂಡಿದ್ದೆ. ಇಲ್ಲದಿದ್ದರೆ ಕೂಡಿಸುವಾಗ ಸ್ಟೇರಿಂಗ್ ಸೊಟ್ಟ ಕೂರುತ್ತೆ.

ಶಾಫ್ಟ್ ಮತ್ತು ಟೈ ರಾಡ್ ಎಂಡ್ ನಾನೇ ಹಾಕಿದೆ. ಹಳೇ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಕೂರಿಸಿದೆ. ಸ್ಟ್ರಟ್ ಬೇರಿಂಗನ್ನು ಎರಡೂ ಕಡೆ ಗ್ಯಾರೇಜಿನಲ್ಲೇ ಹಾಕಿಸಿದೆ. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಜೀವಕ್ಕೇ ಅಪಾಯ, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿಹಿಡಿಯುವ ಸಾಧನ) ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು. ಎಲ್ಲ ಮುಗಿದ ಮೇಲೆ ಚಕ್ರಗಳ ಕೋನ ಸರಿಹೊಂದಿಸುವ ಅಲೈನ್‌ಮೆಂಟ್. ಇದನ್ನೇ ಮೊದಲು ಮಾಡಿಸುವವರು ಬಹಳ. ಸಡಿಲ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ.

ಮುಂದಿನ ವಾರ ಬೆಳಿಗ್ಗೆ ಬೇಗ ಚಿತ್ರದುರ್ಗಕ್ಕೆ ಹೋಗಿ, ಜೋಗಿಮಟ್ಟಿ ಬೆಟ್ಟದ ಕಡೆಯ ತಿರುವುಗಳಲ್ಲಿ ಓಡಿಸಿದೆ. ಪ್ರತಿ ತಿರುವಿನ ಕೊನೆಗೆ ಹಿಡಿತ ಸ್ವಲ್ಪ ಸಡಿಲಿಸಿದರೆ ಸಾಕು, ಸ್ಟೇರಿಂಗ್ ಅಂಗೈಯೊಳಗೆ ಜಾರುತ್ತಾ ತಾನೇ ನೆಟ್ಟಗಾಗುತ್ತಿತ್ತು. ಪಕ್ಕದಲ್ಲಿದ್ದ ಹುಡುಗ, “ಮಾಮ, ನಂಗೂ ಒಂದ್ಸಲ ಕೊಡು” ಅಂದ. ಲೈಸೆನ್ಸ್ ಬಂದ ಮೇಲೆ ಕೊಡ್ತೀನಿ ಅಂದೆ.

ಈಗ ಉಳಿದಿರೋದು ಒಂದೇ. ಬೆಳಿಗ್ಗೆ ಮೊದಲ ಸಲ ತಿರುಗಿಸುವಾಗ ಪವರ್ ಸ್ಟೇರಿಂಗ್ ಪಂಪಿನಿಂದ ಸಣ್ಣಗೆ ‘ಗುಂಯ್’ ಅನ್ನುತ್ತೆ. ಡಬ್ಬಿಯ ಆಯಿಲಿನಲ್ಲಿ ನೊರೆ ಕಾಣುತ್ತಿದೆ, ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ಹಳೇ ಪೈಪ್ ಮತ್ತು ಅದರ ಕ್ಲಿಪ್ ಮೇಲೆ ನನಗೆ ಅನುಮಾನ. ಬರುವ ಭಾನುವಾರ ಅದನ್ನು ಬಿಚ್ಚುತ್ತೇನೆ.